ಕೆಂಪು ಡಬ್ಬಿಯ ಊರಿನಿಂದ ಮನೆಗೆ

ಶ್ರೀ

ಹ್ಯಾರೋ, ಲಂಡನ್
ಶನಿವಾರ ರಾತ್ರಿ

ಚಿ. ಸೌ. ಮನೆಯೊಡತಿಗೆ ಆಶೀರ್ವಾದಗಳು. ಉಭಯ ಕುಶಲೋಪರಿ ಸಾಂಪ್ರತ.

ಈ ಸಾಲು ಬರೆಯದಿದ್ದರೆ ನನ್ನ ಪೆನ್ನು ಮುಂದಕ್ಕೆ ಹೋಗುವುದಿಲ್ಲ, ನಗಬೇಡ. ಮಗಳು ಆಗಲೇ ನಕ್ಕಾಯಿತು. "ದಿನಾ ಎರಡು ಸಲ ವಿಡಿಯೋ ಕಾಲ್ ಮಾಡ್ತೀಯಲ್ಲ ಅಪ್ಪಾ, ಇನ್ನು ಕಾಗದ ಯಾಕೆ?" ಅಂತಾಳೆ. ವಿಡಿಯೋದಲ್ಲಿ ನೀನು ನನ್ನ ಮುಖ ನೋಡುವುದು ಎಷ್ಟು ಹೊತ್ತು? "ಸ್ವೆಟರ್ ಹಾಕಿದ್ದೀರಾ" ಅಂತ ಒಂದು ಮಾತು, ಆಮೇಲೆ ಫೋನನ್ನು ಮೊಮ್ಮಗಳ ಕಡೆ ತಿರುಗಿಸಬೇಕು, ಅಷ್ಟರಲ್ಲಿ ನಮ್ಮ ಕಡೆ ಗಾಳಿ ಮಳೆ ಬಂದು ಟವರ್ ಹೋಗುತ್ತದೆ. ಮೂವತ್ತೆಂಟು ವರ್ಷ ಊರವರ ಕಾಗದ ಬಟವಾಡೆ ಮಾಡಿಸಿದವನು ನಾನು. ನನ್ನದೂ ಒಂದು ಹೋಗಲಿ.

ಹೋದ ವರ್ಷ ಬಾಣಂತನಕ್ಕೆ ಅಂತ ನೀನು ಇಲ್ಲಿ ಆರು ತಿಂಗಳಿಗೆ ನಾಲ್ಕು ದಿನ ಕಮ್ಮಿ ಇದ್ದೆಯಲ್ಲ, ಆಗ ವಾರಕ್ಕೊಂದು ಏರ್‌ಮೇಲ್ ಹಾಕುತ್ತಿದ್ದೆ. ಒಂದಕ್ಕೂ ನೀನು ಉತ್ತರ ಬರೆಯಲಿಲ್ಲ. ಓದಿದೆಯೋ ಇಲ್ಲವೋ ಅಂತ ನನಗೆ ಇವತ್ತಿಗೂ ಅನುಮಾನ. ಇರಲಿ, ಈ ಸಲ ನಾನೇ ಇಲ್ಲಿಂದ ಬರೆಯುತ್ತೇನೆ. ದಿನಾ ರಾತ್ರಿ ಒಂದಷ್ಟು ಬರೆದಿಟ್ಟು ಕೊನೆಗೆ ಒಟ್ಟಿಗೆ ಡಬ್ಬಿಗೆ ಹಾಕುವುದು.

ವಿಮಾನದಲ್ಲಿ ಹತ್ತು ಗಂಟೆಯ ಮೇಲೆ ಕೂತು ಮೊಣಕಾಲು ಮರಗಟ್ಟಿತ್ತು. ನೀನು ಮೂರು ಸುತ್ತು ಪ್ಲಾಸ್ಟಿಕ್ ಸುತ್ತಿದ ಅಪ್ಪೆಮಿಡಿ ಡಬ್ಬ ಒಂದು ತೊಟ್ಟೂ ಸೋರಿಲ್ಲ. ತೊಡದೇವು ಮಾತ್ರ ಅರ್ಧಕ್ಕರ್ಧ ಪುಡಿ. ಮಗಳು ಆ ಪುಡಿಯನ್ನೇ ಚಮಚದಲ್ಲಿ ತಿಂದಳು, ನಿಂತುಕೊಂಡೇ. ಆಮೇಲೆ ಮೊಸರನ್ನಕ್ಕೆ ಮಿಡಿ ಕಚ್ಚಿ ಕಣ್ಣು ಮುಚ್ಚಿದ್ದು ನೋಡಬೇಕಿತ್ತು ನೀನು.

ರಾತ್ರಿ ಒಂಬತ್ತಾದರೂ ಇಲ್ಲಿ ಬೆಳಕು. ದೇವರ ದೀಪ ಹಚ್ಚುವ ಹೊತ್ತು ಯಾವುದು ಅಂತಲೇ ತಿಳಿಯುವುದಿಲ್ಲ. ಮಗಳು ಗಡಿಯಾರ ನೋಡಿ ಏಳಕ್ಕೆ ಹಚ್ಚುತ್ತಾಳೆ, ಕಿಟಕಿಯಲ್ಲಿ ಬಿಸಿಲು ಇರುವಾಗಲೇ. ಆ ಅಭ್ಯಾಸ ನೀನು ಮಾಡಿಸಿದ್ದಂತೆ.

ಭಾನುವಾರ

ಮೂರೂವರೆಗೇ ಎಚ್ಚರವಾಯಿತು. ನಿನಗಲ್ಲಿ ಎಂಟು ಗಂಟೆ, ಗೌರಿಯ ಹಾಲು ಕರೆದು ಮುಗಿದಿರುತ್ತದೆ ಅಂದುಕೊಂಡೆ. ಬೇಸಿಗೆಯಲ್ಲಿ ಇವರು ಗಡಿಯಾರವನ್ನೇ ಒಂದು ಗಂಟೆ ಮುಂದಕ್ಕೆ ತಿರುಗಿಸಿಕೊಳ್ಳುತ್ತಾರೆ, ಹಾಗಾಗಿ ಈಗ ನಮಗೂ ಇವರಿಗೂ ನಾಲ್ಕೂವರೆ ಗಂಟೆ ಫರಕು, ಚಳಿಗಾಲದಲ್ಲಿ ಐದೂವರೆ.

ಬೆಳಿಗ್ಗೆ ಅಳಿಯ ತಳ್ಳುಗಾಡಿಯಲ್ಲಿ ಪುಟಾಣಿಯನ್ನು ಕೂರಿಸಿ ನನ್ನನ್ನೂ ಕರೆದುಕೊಂಡು ಹೊರಟರು. ಗುಡ್ಡದ ಮೇಲೆ ನೆಹರೂ ಓದಿದ ಶಾಲೆ. ಹೊರಗಿನಿಂದ ನೋಡಿದೆವು. ಅಳಿಯ ಏನೇನೋ ವಿವರ ಹೇಳುತ್ತಿದ್ದರು, ನನ್ನ ಕಣ್ಣು ಮಾತ್ರ ರಸ್ತೆ ಮೂಲೆಯ ಕೆಂಪು ಅಂಚೆ ಡಬ್ಬಿಯ ಮೇಲೆ.

ನಿನಗೆ ನೆನಪಿದೆಯಾ ಅದು? ನನ್ನ ಎದೆಮಟ್ಟಕ್ಕಿಂತ ಎತ್ತರ, ಗುಂಡಗೆ, ಬೀಡುಕಬ್ಬಿಣದ್ದು, ತಲೆಯ ಮೇಲೊಂದು ಟೊಪ್ಪಿ. ಬಾಗಿಲ ಮೇಲೆ ಉಬ್ಬಿದ ಅಕ್ಷರ ಇರುತ್ತದೆ. ಡಬ್ಬಿ ನಿಲ್ಲಿಸಿದಾಗ ಯಾವ ರಾಜ ಯಾವ ರಾಣಿ ಇದ್ದರೋ ಅವರ ಗುರುತು. ಇವತ್ತು ನೋಡಿದ್ದರಲ್ಲಿ ಇ ಟು ಆರ್ ಅಂದರೆ ಎರಡನೇ ಎಲಿಜಬೆತ್. ಬರೀ ಜಿ ಆರ್ ಅಂತ ಇದ್ದರೆ ಐದನೇ ಜಾರ್ಜ್, 1936ಕ್ಕಿಂತ ಹಳೆಯದು. ವಿ ಆರ್ ಅಂತ ಕಂಡರೆ ವಿಕ್ಟೋರಿಯಾ, ಅಂದರೆ ಆ ಡಬ್ಬಿಗೆ ನೂರಿಪ್ಪತ್ತೈದು ವರ್ಷವಾದರೂ ಆಗಿರಬೇಕು, ಇನ್ನೂ ದಿನಾ ಕಾಗದ ತೆಗೆದು ಕ್ಲಿಯರೆನ್ಸ್ ಆಗುತ್ತಿದೆ! ನಾನು ಬಗ್ಗಿ ಕ್ಲಿಯರೆನ್ಸ್ ಹೊತ್ತಿನ ಚೀಟಿ ಓದಿದೆ. ಅಳಿಯ ತಳ್ಳುಗಾಡಿ ಹಿಡಿದು ಸುಮ್ನೆ ನಿಂತಿದ್ದರು ಪಾಪ. ಒಳ್ಳೆಯ ಹುಡುಗ.

ಆರು ತಿಂಗಳಲ್ಲಿ ನೀನು ಈ ಅಕ್ಷರ ನೋಡಿದ್ದೆಯಾ ಅಂತ ಮಗಳ ಹತ್ತಿರ ಕೇಳಿದೆ. "ಅಮ್ಮ ಎಲ್ಲಿ ನೋಡ್ತಾಳೆ ಅಪ್ಪಾ, ಅಡುಗೆಮನೆ, ಮಗುವಿನ ಸ್ನಾನ, ಸಂಜೆ ಪಾರ್ಕು, ಅಷ್ಟೇ" ಅಂದಳು.

ಸೋಮವಾರ

ಮಳೆ. ನಮ್ಮ ಆರಿದ್ರೆ ಮಳೆ ನೋಡಿದವರಿಗೆ ಇದು ಮಳೆಯೇ ಅಲ್ಲ. ಯಾರೋ ಮೇಲಿನಿಂದ ಕೈ ಕೊಡವಿದ ಹಾಗೆ. ಅಡಿಕೆಗೆ ಮೊದಲ ಔಷಧಿ ಹೊಡೆಸಿ ಆಯಿತಾ? ಕೊನೆಗೌಡ ಬರುತ್ತೇನೆ ಅಂದು ಕೈ ಕೊಟ್ಟರೆ ತಮ್ಮನಿಗೆ ಫೋನ್ ಮಾಡು, ಸಂಕೋಚ ಬೇಡ.

ಮಧ್ಯಾಹ್ನ ಮಗಳ ಜೊತೆ ತರಕಾರಿ ಅಂಗಡಿಗೆ ಹೋಗಿದ್ದೆ. ನೀನು ಹೋಗುತ್ತಿದ್ದೆಯಲ್ಲ, ಅದೇ ಗುಜರಾತಿಗಳ ಅಂಗಡಿ. ಹೀರೆಕಾಯಿ, ತೊಂಡೆಕಾಯಿ, ಕರಿಬೇವು, ನುಗ್ಗೆ, ಎಲ್ಲಾ ಉಂಟು, ಬೆಲೆ ಮಾತ್ರ ರೂಪಾಯಿಗೆ ಲೆಕ್ಕ ಹಾಕಬಾರದು. ಅಂಗಡಿಯವನು ಮಗಳನ್ನು ನೋಡಿ ಒಳಗಿನಿಂದ ಒಂದು ಕಟ್ಟು ಕೆಸುವಿನ ಎಲೆ ತಂದಿಟ್ಟ. "ಆಂಟಿ ಬಂದಿದ್ದಾರಾ?" ಅಂತ ಕೇಳಿದ. ಮಗಳು ಇಲ್ಲ ಅಂದದ್ದಕ್ಕೆ ಅವನ ಮುಖ ನೋಡು. ಹೋದ ವರ್ಷ ಪ್ರತಿ ಗುರುವಾರ ನಿನಗಾಗಿ ಎಲೆ ತೆಗೆದಿಡುತ್ತಿದ್ದನಂತೆ. ಅವರಿಗದು ಪಾತ್ರಾ, ಕಡಲೆಹಿಟ್ಟು ಹಚ್ಚಿ ಸುರುಳಿ ಸುತ್ತುತ್ತಾರೆ. ನಮ್ಮ ಪತ್ರೊಡೆಗೆ ಅಕ್ಕಿ ಹಿಟ್ಟು ಅಂತ ನೀನು ಅವನಿಗೆ ಅಂಗಡಿಯಲ್ಲೇ ನಿಂತು ಪಾಠ ಮಾಡಿದ್ದೆಯಂತೆ. ಯಾವ ಭಾಷೆಯಲ್ಲಿ ಮಾಡಿದೆ ಮಾರಾಯ್ತಿ? ನಿನ್ನ ಹಿಂದಿ ನನಗೆ ಗೊತ್ತಿಲ್ಲವೇ!

ಇದನ್ನೆಲ್ಲ ನೀನು ನನಗೆ ಹೇಳಲೇ ಇಲ್ಲ.

ಮಂಗಳವಾರ

ಇವತ್ತಿನದು ಉದ್ದ ಬರೆಯುತ್ತೇನೆ. ಒಲೆಯ ಮೇಲೆ ಏನಾದರೂ ಇಟ್ಟಿದ್ದರೆ ಇಳಿಸಿ ಬಂದು ಓದು.

ಅಂಚೆ ಮ್ಯೂಸಿಯಮ್ಮಿಗೆ ಹೋಗಿದ್ದೆ. ಮಗಳು ರಜೆ ಹಾಕಿದ್ದಳು. ಹ್ಯಾರೋ ಗುಡ್ಡದ ಕೆಳಗಿನ ಸ್ಟೇಷನ್ನಿನಿಂದ ಮೆಟ್ರೊಪಾಲಿಟನ್ ಲೈನು, ಫ್ಯಾರಿಂಗ್ಡನ್‌ನಲ್ಲಿ ಇಳಿಯುವುದು. ಹೆಸರಿಗೆ ಅಂಡರ್‌ಗ್ರೌಂಡ್, ಅರ್ಧ ದಾರಿ ಆಕಾಶದ ಕೆಳಗೇ ಓಡುತ್ತದೆ, ಮನೆಗಳ ಹಿತ್ತಿಲು, ಒಣಹಾಕಿದ ಬಟ್ಟೆ ಎಲ್ಲಾ ಕಾಣುತ್ತವೆ. ಪ್ರಪಂಚದಲ್ಲಿ ಮೊದಲು ನೆಲದ ಕೆಳಗೆ ಜನರನ್ನು ಹೊತ್ತ ರೈಲು ಇದೇ ಲೈನಿನದು, 1863ರಲ್ಲಿ ಪ್ಯಾಡಿಂಗ್ಟನ್‌ನಿಂದ ಇದೇ ಫ್ಯಾರಿಂಗ್ಡನ್‌ವರೆಗೆ. ಆಗ ಉಗಿ ಎಂಜಿನ್. ಸುರಂಗದೊಳಗೆ ಕಲ್ಲಿದ್ದಲು ಹೊಗೆ! ನೆನೆಸಿಕೊಂಡೇ ಕೆಮ್ಮು ಬಂತು.

ಟಿಕೆಟ್ ರೇಟು ಹೇಳಿದರೆ ನೀನು ಬೈಯುತ್ತೀಯ, ಹೇಳುವುದಿಲ್ಲ.

ಮೊದಲು ಪೆನ್ನಿ ಬ್ಲ್ಯಾಕ್ ನೋಡಿದೆ. 1840ರ ಮೇ ತಿಂಗಳ ಸ್ಟಾಂಪು, ಪ್ರಪಂಚದ ಮೊದಲನೆಯದು. ಒಂದು ಹಾಳೆಗೆ 240 ಸ್ಟಾಂಪು. ಯಾಕೆ ಹೇಳು? ಆಗ ಪೌಂಡಿಗೆ 240 ಪೆನ್ನಿ. ಕೌಂಟರಿನಲ್ಲಿ ಕೂತವನಿಗೆ ಲೆಕ್ಕ ಸುಲಭ. ಇದನ್ನು ಯೋಚಿಸಿದವನು ಯಾರೇ ಇರಲಿ, ಕೌಂಟರಿನ ಕಷ್ಟ ಗೊತ್ತಿದ್ದವನು. ತೂತು ಹೊಡೆದ ಅಂಚು ಇನ್ನೂ ಬಂದಿರಲಿಲ್ಲ, ಕತ್ತರಿಯಲ್ಲಿ ಕತ್ತರಿಸಿ ಕೊಡಬೇಕು.

ಅದಕ್ಕೆ ಮುಂಚೆ ಕಾಗದದ ದುಡ್ಡು ಹೆಚ್ಚಾಗಿ ಪಡೆದವರೇ ಕೊಡಬೇಕಿತ್ತು, ದೂರದ ಮೇಲೆ, ಹಾಳೆಗಳ ಲೆಕ್ಕದ ಮೇಲೆ. ನಮ್ಮ ಬೇರಿಂಗ್ ಕಾಗದದ ಹಾಗೆ. ದುಡ್ಡಿಲ್ಲ ಅಂತ ವಾಪಸು ಕಳಿಸುವವರು, ಲಕೋಟೆ ಮೇಲೆ ಗುಟ್ಟಿನ ಗುರುತು ಹಾಕಿ ಪುಕ್ಕಟೆ ಸುದ್ದಿ ಮುಟ್ಟಿಸುವವರು, ಎಲ್ಲಾ ಇದ್ದರು. ಇದನ್ನು ಓದಿದಾಗ ನನಗೆ ನಮ್ಮ ಮಿಸ್ಡ್ ಕಾಲ್ ಕಾಲ ನೆನಪಾಯಿತು. ಒಂದು ರಿಂಗ್ ಆದರೆ ಬಸ್ ಹತ್ತಿದೆ, ಎರಡಾದರೆ ಇಳಿದೆ. ರೋಲೆಂಡ್ ಹಿಲ್ ಎಂಬಾತ ಬಂದು, ದೂರ ಎಷ್ಟೇ ಇರಲಿ ಅರ್ಧ ಔನ್ಸಿಗೆ ಒಂದು ಪೆನ್ನಿ, ಮುಂಗಡ ಅಂತ ಮಾಡಿಸಿದ. ಕಪ್ಪು ಸ್ಟಾಂಪಿಗೆ ಕೆಂಪು ಸೀಲು ಹೊಡೆಯುತ್ತಿದ್ದರು. ಜನ ಆ ಕೆಂಪು ಮಸಿ ತೊಳೆದು ಮತ್ತೆ ಹಚ್ಚುತ್ತಾರೆ ಅಂತ ಭಯ ಶುರುವಾಯಿತು, ವರ್ಷ ತುಂಬುವುದರೊಳಗೆ ಸ್ಟಾಂಪನ್ನೇ ಕೆಂಪು ಮಾಡಿ ಸೀಲನ್ನು ಕಪ್ಪು ಮಾಡಿದರು. ಸ್ಟಾಂಪು ತೊಳೆದು ಒಣಗಿಸಿ ತರುತ್ತಿದ್ದ ನಮ್ಮೂರಿನ ಒಬ್ಬರ ಹೆಸರು ನಿನಗೆ ಗೊತ್ತು, ನಾನು ಬರೆಯುವುದಿಲ್ಲ.

ಇನ್ನೊಂದು ಕಡೆ ಅಲುಗಾಡುವ ನೆಲದ ಮೇಲೆ ನಿಂತು ಕಾಗದ ಸಾರ್ಟಿಂಗ್ ಮಾಡುವ ಆಟ ಇಟ್ಟಿದ್ದಾರೆ, ಓಡುವ ರೈಲಿನ ಅಂಚೆ ಡಬ್ಬಿಯಲ್ಲಿ ಮಾಡುತ್ತಿದ್ದ ಹಾಗೆ. ನಮ್ಮ ರೈಲ್ವೆ ಅಂಚೆ, ಆರ್‌ಎಂಎಸ್‌ನಲ್ಲಿ ನಾನು ಎರಡು ವರ್ಷ ಮಾಡಿದ್ದು ಇದೇ ಕೆಲಸ. ಶಾಲೆ ಮಕ್ಕಳ ಒಂದು ದಂಡು ಬಂದಿತ್ತು. ಅವರ ಜೊತೆ ನಾನೂ ನಿಂತೆ. ಊರ ಹೆಸರು ಒಂದೂ ಗೊತ್ತಿಲ್ಲ, ಆದರೂ ಕೈಗೆ ಗೂಡು ಗೊತ್ತಾಗುತ್ತದೆ ಕಣೇ. ಎಡಗೈಯಲ್ಲಿ ಕಟ್ಟು, ಹೆಬ್ಬೆರಳಿನಿಂದ ಒಂದೊಂದೇ ತಳ್ಳುವುದು, ಕಣ್ಣು ಗೂಡಿನ ಮೇಲೆ, ಕಾಲು ಸ್ವಲ್ಪ ಅಗಲಿಸಿ ರೈಲಿನ ಕುಲುಕಿಗೆ ಬಿಟ್ಟುಕೊಡುವುದು. ಮಕ್ಕಳು ಚಪ್ಪಾಳೆ ತಟ್ಟಿದರು. ಮಗಳು ವಿಡಿಯೋ ಮಾಡಿದ್ದಾಳೆ, ಕಳಿಸುತ್ತಾಳೆ, ತಮ್ಮನ ಮನೆಯವರಿಗೂ ತೋರಿಸು.

ಆಮೇಲೆ ಮೇಲ್ ರೈಲು. ರಸ್ತೆಯ ಕೆಳಗೆ ಸುಮಾರು 21 ಮೀಟರ್ ಆಳದಲ್ಲಿ ಕಾಗದಕ್ಕೆ ಅಂತಲೇ ಒಂದು ರೈಲು ಮಾಡಿದ್ದರು! ಎರಡಡಿ ಅಗಲದ ಹಳಿ, ಡ್ರೈವರ್ ಇಲ್ಲ, ಕರೆಂಟಿನಲ್ಲಿ ಓಡುತ್ತಿತ್ತು. 1927ರಿಂದ 2003ರವರೆಗೆ, ಪ್ಯಾಡಿಂಗ್ಟನ್‌ನಿಂದ ವೈಟ್‌ಚಾಪೆಲ್‌ವರೆಗೆ ಹತ್ತೂವರೆ ಕಿಲೋಮೀಟರ್. ಮೇಲೆ ಲಂಡನ್ನಿನ ಟ್ರಾಫಿಕ್ಕು, ಕೆಳಗೆ ದಿನಕ್ಕೆ ನಲವತ್ತು ಲಕ್ಷ ಕಾಗದ ಸುಮ್ನೆ ಹೋಗುತ್ತಿದ್ದವು. ಈಗ ಅದೇ ಸುರಂಗದಲ್ಲಿ ಕಾಲು ಗಂಟೆ ನಮ್ಮನ್ನು ಕೂರಿಸಿ ಸುತ್ತಿಸುತ್ತಾರೆ. ಡಬ್ಬಿ ಎಷ್ಟು ಸಣ್ಣದು ಅಂದರೆ ಮೊಣಕಾಲು ಗಲ್ಲಕ್ಕೆ ತಾಗುತ್ತದೆ. ಕಾಗದದ ಚೀಲ ಕೂರುವ ಜಾಗದಲ್ಲಿ ಮನುಷ್ಯ ಕೂತರೆ ಇನ್ನೇನು. ಗೋಡೆಯಲ್ಲಿ ನೀರು ಜಿನುಗಿ ಸುಣ್ಣದ ಕಡ್ಡಿಗಳು ಇಳಿಬಿದ್ದಿವೆ. ನಡುವೆ ಒಂದು ಕಡೆ ದೀಪ ಆರಿಸಿದರು. ನನಗೆ ಯಾಕೋ ಆ ಕತ್ತಲಲ್ಲಿ ಗಂಟಲು ಕಟ್ಟಿತು. ವಯಸ್ಸಾಯಿತು, ಬೇರೇನಿಲ್ಲ.

ಹೊರಗೆ ಬರುವಾಗ ಅಲ್ಲಿ ವಿವರಿಸುತ್ತಿದ್ದ ಹೆಂಗಸಿಗೆ ನಾನೂ ಪೋಸ್ಟ್‌ಮಾಸ್ಟರ್ ಅಂದೆ. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಿಂದಲೇ ಅಂಚೆ ಇತ್ತು, 1889ರಲ್ಲಿ ನಿಮ್ಮವರ ಇಲಾಖೆಗೆ ಸೇರಿಸಿದರು ಅಂತಲೂ ಹೇಳಿಬಿಟ್ಟೆ. "ಅಂಚೆ" ಅನ್ನುವ ಮಾತನ್ನು ಅವರು ಎರಡು ಸಲ ಹೇಳಿ ನೋಡಿದರು. ಚೆನ್ನಾಗಿಯೇ ಬಂತು.

ಬುಧವಾರ

ಕಾಲು ನೋವು. ಆದರೂ ಮಧ್ಯಾಹ್ನದ ಮೇಲೆ ಸೌತ್ ಕೆನ್ಸಿಂಗ್ಟನ್‌ಗೆ ಹೋಗಿ ಟಿಪ್ಪುವಿನ ಹುಲಿ ನೋಡಿ ಬಂದೆವು. ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ, ಅಲ್ಲಿಗೆ ಟಿಕೆಟ್ ಇಲ್ಲ. ಮರದ ಹುಲಿ, ಹೆಚ್ಚುಕಮ್ಮಿ ನಿಜವಾದ ಹುಲಿಯಷ್ಟೇ ದೊಡ್ಡದು, ಕೆಳಗೆ ಅಂಗಾತ ಬಿದ್ದ ಒಬ್ಬ ಬಿಳಿಯ. ಹೊಟ್ಟೆಯೊಳಗೆ ಹಾರ್ಮೋನಿಯಂ ಥರದ ಯಂತ್ರ. ಹಿಡಿ ತಿರುಗಿಸಿದರೆ ಅವನು ನರಳುತ್ತಾನೆ, ಹುಲಿ ಗುರುಗುಡುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಹೊತ್ತು ತಂದದ್ದು. ಈಗ ಗಾಜಿನೊಳಗೆ ಸುಮ್ಮನಿದೆ. ನಾವು ಶ್ರೀರಂಗಪಟ್ಟಣಕ್ಕೆ ಹೋದಾಗ ಗೈಡ್ ಹೇಳಿದ್ದ, ಅಸಲಿ ಹುಲಿ ಲಂಡನ್ನಿನಲ್ಲಿದೆ ಸಾರ್ ಅಂತ. ಹೌದು, ಇದೆ. ನೋಡಿದೆ. ಜಾಸ್ತಿ ಹೊತ್ತು ನಿಲ್ಲಲು ಮನಸ್ಸಾಗಲಿಲ್ಲ.

ಗುರುವಾರ

ಈ ಕಾಗದಕ್ಕೆ ಸ್ಟಾಂಪು ಬೇಕಲ್ಲ, ಪೋಸ್ಟ್ ಆಫೀಸು ಹುಡುಕಿಕೊಂಡು ಒಬ್ಬನೇ ಹೋದೆ. ಸಿಕ್ಕಿತು ಎಲ್ಲಿ ಹೇಳು? ಕಿರಾಣಿ ಅಂಗಡಿಯ ಹಿಂಭಾಗದಲ್ಲಿ! ಹಾಲು, ಬ್ರೆಡ್ಡು, ಚಿಪ್ಸು, ಲಾಟರಿ ಚೀಟಿ ಎಲ್ಲಾ ದಾಟಿ ಒಳಗೆ ಹೋದರೆ ದಪ್ಪ ಗಾಜಿನ ಹಿಂದೆ ಒಂದು ಕೌಂಟರು, ಒಂದು ತಕ್ಕಡಿ. ಇಲ್ಲಿ ಬಹಳ ಕಡೆ ಹೀಗೆಯೇ. ಅಂಗಡಿಯವರೇ ಸಬ್ ಪೋಸ್ಟ್‌ಮಾಸ್ಟರು, ಇಲಾಖೆಯ ಸಂಬಳದವರಲ್ಲ, ಕರಾರಿನ ಮೇಲೆ ನಡೆಸುವವರು. ಇಲ್ಲಿ ಕೂತಿದ್ದವರು ಐವತ್ತೈದರ ಆಸುಪಾಸಿನ ಗುಜರಾತಿ ಮನುಷ್ಯ.

ಇಂಡಿಯಾಕ್ಕೆ ಒಂದು ಸ್ಟಾಂಪು ಅಂದೆ. ಮೂರು ಪೌಂಡಿಗೂ ಮೇಲೆ. ನಮ್ಮ ದುಡ್ಡಿನಲ್ಲಿ ಮುನ್ನೂರೈವತ್ತು ದಾಟುತ್ತದೆ, ಜೋಪಾನವಾಗಿ ಇಟ್ಟುಕೋ ಈ ಲಕೋಟೆಯನ್ನು. ರಾಜನ ತಲೆ ಇದೆ, ಪಕ್ಕದಲ್ಲಿ ಕಪ್ಪು ಚೌಕದ ಕೋಡ್ ಇದೆ, ದೇಶದ ಹೆಸರು ಮಾತ್ರ ಇಲ್ಲ. ಹುಡುಕಬೇಡ. ಸ್ಟಾಂಪು ಮೊದಲು ಮಾಡಿದವರು ತಾವೇ ಅಂತ ಇವರು ಹೆಸರು ಹಾಕುವುದೇ ಇಲ್ಲ. ತಲೆ ನೋಡಿ ಗುರುತು ಹಿಡಿಯಬೇಕು.

ನಾನೂ ಇದೇ ಕೆಲಸದವನು ಅಂದ ಕೂಡಲೇ ಆತ ಗಾಜಿನ ಹಿಂದಿನಿಂದ ಎದ್ದು ಬಂದು ಕೈ ಕುಲುಕಿದರು. ಸಂಜೆ ಕ್ಯಾಶು ಎಷ್ಟು ಸಲ ಎಣಿಸುತ್ತಿದ್ದಿರಿ ಅಂತ ಕೇಳಿದರು. ಎರಡು ಸಲ ಅಂದೆ. "ನಾನು ಈಗಲೂ ಮೂರು ಸಲ" ಅಂದರು.

ಅದು ಯಾಕೆ ಅಂತ ಮಗಳು ರಾತ್ರಿ ವಿವರಿಸಿದಳು. 1999ರಲ್ಲಿ ಇಲ್ಲಿನ ಪೋಸ್ಟ್ ಆಫೀಸುಗಳಿಗೆ ಹೊರೈಜನ್ ಅಂತ ಕಂಪ್ಯೂಟರ್ ಲೆಕ್ಕ ತಂದರು. ಫುಜಿತ್ಸು ಕಂಪನಿಯದು. ಪೆಟ್ಟಿಗೆಯಲ್ಲಿ ದುಡ್ಡು ಸರಿಯಾಗಿದ್ದರೂ ಕಂಪ್ಯೂಟರು ಸಾವಿರಗಟ್ಟಲೆ ಪೌಂಡು ಕಮ್ಮಿ ತೋರಿಸುತ್ತಿತ್ತು. ತಪ್ಪು ಕಂಪ್ಯೂಟರಿನದು, ಕಳ್ಳತನದ ಹೆಸರು ಕೌಂಟರಿನವರಿಗೆ. 2015ರವರೆಗೆ ಒಂಬೈನೂರಕ್ಕೂ ಹೆಚ್ಚು ಸಬ್ ಪೋಸ್ಟ್‌ಮಾಸ್ಟರುಗಳ ಮೇಲೆ ಕೇಸು. ಮನೆ ಮಾರಿ ಕಟ್ಟಿದವರುಂಟು, ಜೈಲಿಗೆ ಹೋದವರುಂಟು. ಒಬ್ಬಳು ಬಸುರಿ ಹೆಂಗಸು, ನಮ್ಮ ದೇಶದ ಮೂಲದವಳೇ, ಜೈಲಿಗೆ ಹೋದಳು. ಸಾಫ್ಟ್‌ವೇರಿನಲ್ಲಿ ದೋಷ ಇತ್ತು ಅಂತ 2019ರಲ್ಲಿ ಹೈಕೋರ್ಟು ಹೇಳಿತು. 2024ರಲ್ಲಿ ಪಾರ್ಲಿಮೆಂಟು ಕಾನೂನು ಮಾಡಿ ಶಿಕ್ಷೆಗಳನ್ನು ಒಟ್ಟಿಗೆ ರದ್ದು ಮಾಡಬೇಕಾಯಿತು.

ನಿದ್ದೆ ಬರಲಿಲ್ಲ. 1987 ನೆನಪಾಯಿತು. ಆವತ್ತು ಸಂಜೆ ಕ್ಯಾಶಿನಲ್ಲಿ 310 ರೂಪಾಯಿ ಕಮ್ಮಿ ಬಂದಿತ್ತಲ್ಲ. ಮನಿಯಾರ್ಡರ್ ಫಾರಂ ಒಂದೊಂದೇ ತಿರುವಿದೆ, ಸೇವಿಂಗ್ಸ್ ಪಾಸ್‌ಬುಕ್ಕು ನೋಡಿದೆ, ಸ್ಟಾಂಪು ಎಣಿಸಿದೆ, ಟೇಬಲ್ಲಿನ ಕಾಲಿನ ಹತ್ತಿರ ಬಗ್ಗಿ ಬ್ಯಾಟರಿ ಬಿಟ್ಟು ನೋಡಿದೆ. ಅಂಚೆ ಪೇದೆ ಮುಖ ನೋಡುತ್ತಾ ನಿಂತಿದ್ದ, ಅವನ ಮೇಲೂ ಒಂದು ಕ್ಷಣ ಅನುಮಾನ ಬಂತು, ಈಗ ನಾಚಿಕೆಯಾಗುತ್ತದೆ. ಒಂಬತ್ತು ಗಂಟೆಗೆ ನೀನು ಮಗಳನ್ನು ಎತ್ತಿಕೊಂಡು ಆಫೀಸಿಗೇ ಬಂದೆ. ಏನಾಯಿತು ಅಂತ ಕೇಳಿದೆ, ಹೇಳಿದೆ. ವಾಪಸು ಮನೆಗೆ ಹೋಗಿ ಸಾಸಿವೆ ಡಬ್ಬಿ ತಂದೆ. ಹತ್ತರ ನೋಟು, ಐದರ ನೋಟು, ಎರಡರ ನೋಟು, ಕೊನೆಗೆ ನಾಲ್ಕಾಣೆ ಎಂಟಾಣೆ. ಕೌಂಟರಿನ ಮೇಲೆ ಸಾಸಿವೆ ಕಾಳೂ ಬಿದ್ದಿತ್ತು. ಸರಿಯಾಗಿ 310 ಆಯಿತು, ಡಬ್ಬಿ ಖಾಲಿ. ನೀನು ಒಂದು ಮಾತೂ ಆಡಲಿಲ್ಲ. ದುಡ್ಡು ಎಲ್ಲಿ ಹೋಯಿತು ಅಂತ ಇವತ್ತಿಗೂ ಗೊತ್ತಾಗಿಲ್ಲ.

ನನಗೆ ಆ ರಾತ್ರಿ ಕಮ್ಮಿ ಬಿದ್ದದ್ದು 310. ಇವರಿಗೆ ಸಾವಿರ ಸಾವಿರ, ಅದೂ ಕಮ್ಮಿಯೇ ಆಗದ ದುಡ್ಡು.

ಆ 310 ನಾನು ನಿನಗೆ ವಾಪಸು ಕೊಟ್ಟಿದ್ದೇನಾ? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ನಿನಗೆ ನೆನಪಿದ್ದರೆ ಹೇಳು.

ಶುಕ್ರವಾರ

ಗ್ರೀನಿಚ್. ಭೂಮಿಯ ಸೊನ್ನೆ ಗೆರೆ ಅಲ್ಲಿ ನೆಲದ ಮೇಲೆ ಲೋಹದ ಪಟ್ಟಿಯಲ್ಲಿ ಹಾಕಿದ್ದಾರೆ. 1884ರಲ್ಲಿ ದೇಶದೇಶದವರು ಸೇರಿ ಇದೇ ಸೊನ್ನೆ ಅಂತ ಒಪ್ಪಿಕೊಂಡದ್ದು. ಜನ ಒಂದು ಕಾಲು ಆಚೆ ಒಂದು ಕಾಲು ಈಚೆ ಇಟ್ಟು ಫೋಟೋ ತೆಗೆಸಿಕೊಳ್ಳಲು ಸಾಲು ನಿಲ್ಲುತ್ತಾರೆ, ನಾವೂ ನಿಂತೆವು. ಅಳಿಯ ಫೋನ್ ತೆಗೆದು ನೋಡಿದರೆ ಅದರಲ್ಲಿ ಸೊನ್ನೆ ಬರಲಿಲ್ಲ. ಉಪಗ್ರಹದ ಲೆಕ್ಕದಲ್ಲಿ ಗೆರೆ ನೂರು ಮೀಟರ್ ಪೂರ್ವಕ್ಕೆ, ಪಾರ್ಕಿನೊಳಗೆ ಎಲ್ಲೋ ಹಾದು ಹೋಗುತ್ತದಂತೆ. ಅಲ್ಲಿ ಒಬ್ಬ ಮುದುಕ ನಾಯಿ ಓಡಿಸುತ್ತಿದ್ದ. ಸಾಲೂ ಇಲ್ಲ, ಟಿಕೆಟ್ಟೂ ಇಲ್ಲ.

ಶನಿವಾರ

ಥೇಮ್ಸ್ ದಂಡೆಗೆ ಹೋಗಿದ್ದೆವು. ವೆಸ್ಟ್‌ಮಿನ್‌ಸ್ಟರ್ ಸೇತುವೆ ಮೇಲೆ ನಿಂತಿದ್ದಾಗ ಹನ್ನೆರಡು ಹೊಡೆಯಿತು. ಬಿಗ್ ಬೆನ್ ಅಂದರೆ ಗೋಪುರವಲ್ಲ, ಒಳಗಿನ ಗಂಟೆ, 13 ಟನ್ನಿಗೂ ಮೇಲೆ ತೂಕ. ಹೊಡೆದಾಗ ಎದೆಗೂಡಿನಲ್ಲಿ ಗೊತ್ತಾಗುತ್ತದೆ. ಪುಟಾಣಿ ಹನ್ನೆರಡೂ ಹೊಡೆತಕ್ಕೆ ತಲೆ ಆಡಿಸಿದಳು.

ಸೇತುವೆ ದಾಟಿ ಬಲಕ್ಕೆ ತಿರುಗಿದರೆ ಆಸ್ಪತ್ರೆಯ ಉದ್ದನೆಯ ಗೋಡೆ. ಅದರ ತುಂಬ ಕೈಯಲ್ಲಿ ಬಿಡಿಸಿದ ಕೆಂಪು ಹೃದಯಗಳು, ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್. ಕೋವಿಡ್‌ನಲ್ಲಿ ಹೋದ ಒಬ್ಬೊಬ್ಬರಿಗೆ ಒಂದೊಂದು. ಒಳಗೆ ಮನೆಯವರು ಬಂದು ಹೆಸರು ಬರೆದಿದ್ದಾರೆ. ಅಪ್ಪ, ಅಜ್ಜಿ, ನರ್ಸು, ಬಸ್ ಡ್ರೈವರು. ಬಿಸಿಲಿಗೆ ಬಣ್ಣ ಮಾಸುತ್ತದೆ, ಜನ ಬಂದು ಮತ್ತೆ ಬಳಿಯುತ್ತಾರೆ. ನಾನು ನಡೆಯುತ್ತಾ ನಡೆಯುತ್ತಾ ಭಾವನನ್ನು ನೆನೆದೆ. 2021ರ ಮೇ ತಿಂಗಳು, ಆಸ್ಪತ್ರೆ ಗೇಟಿನಿಂದ ಮುಂದೆ ನಮ್ಮನ್ನು ಬಿಡಲಿಲ್ಲ, ಅಕ್ಕ ಕಾರಿನಲ್ಲೇ ಕೂತಿದ್ದಳು. ಅಕ್ಕನಿಗೆ ಈ ಗೋಡೆಯ ವಿಷಯ ಹೇಳಬೇಡ. ಅಥವಾ ಹೇಳು. ನಿನಗೆ ಹೇಗೆ ತೋರುತ್ತದೋ ಹಾಗೆ.

ಇನ್ನೂ ಮುಂದೆ ಹೋದರೆ ಬಸವಣ್ಣ. ಹೌದು, ನಮ್ಮ ಬಸವಣ್ಣನೇ, ನದಿಯ ದಂಡೆಯಲ್ಲಿ, ಆಚೆ ದಡದಲ್ಲಿ ಪಾರ್ಲಿಮೆಂಟು. ಇಲ್ಲಿ ಲ್ಯಾಂಬೆತ್‌ನ ಮೇಯರ್ ಆಗಿದ್ದ ಕಲಬುರಗಿ ಮೂಲದ ನೀರಜ್ ಪಾಟೀಲರು ಓಡಾಡಿ ಮಾಡಿಸಿದ್ದು, 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದರು. ನಾವು ನಿಂತಿದ್ದಾಗ ಎರಡು ಸಂಸಾರ ಬಂತು, ಒಂದು ಧಾರವಾಡದವರು, ಒಂದು ದಾವಣಗೆರೆಯವರು. ಐದು ನಿಮಿಷ ಥೇಮ್ಸ್ ದಂಡೆಯಲ್ಲಿ ಮಳೆ, ಬೆಳೆ, ಮೆಕ್ಕೆಜೋಳದ ರೇಟು ಎಲ್ಲಾ ಮಾತಾಡಿದೆವು. ಧಾರವಾಡದವರು ಪೇಡೆ ತಂದಿಲ್ಲ ಅಂತ ತುಂಬಾ ನೊಂದುಕೊಂಡರು. ಹಾಲಿನ ತಿಂಡಿ ವಿಮಾನದಲ್ಲಿ ತರುವಂತಿಲ್ಲ ಇಲ್ಲಿಗೆ.

ಭಾನುವಾರ

ಸಂಜೆ ಪುಟಾಣಿಯನ್ನು ಕರೆದುಕೊಂಡು ನಾನೊಬ್ಬನೇ ಪಾರ್ಕಿಗೆ ಹೋದೆ. ಹದಿನಾಲ್ಕು ತಿಂಗಳ ಪೋರಿ ನನ್ನ ಬೆರಳು ಹಿಡಿದು ಸೀದಾ ಒಂದು ಬೆಂಚಿನ ಹತ್ತಿರ ಎಳೆದುಕೊಂಡು ಹೋದಳು. ಬೆಂಚಿನ ಮೇಲೆ ಬಿಳಿ ಸೀರೆ, ಮೇಲೆ ಗಂಡಸರ ಕೋಟು, ಕಾಲಿಗೆ ಓಡುವ ಬೂಟು ಹಾಕಿದ ಒಬ್ಬ ಅಜ್ಜಿ. ಮಗುವನ್ನು ನೋಡಿ ಕೈ ಚಾಚಿದರು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಹಿಂದಿಯಲ್ಲಿ ಕೇಳಿದರು, "ಗೌರಿ ಹೇಗಿದ್ದಾಳೆ?"

ಯಾವ ಗೌರಿ? ನಮ್ಮ ಬಂಧುಬಳಗದಲ್ಲಿ ಗೌರಿ ಯಾರಿದ್ದಾರೆ ಅಂತ ಯೋಚಿಸುತ್ತಾ ನಿಂತೆ. ಅಜ್ಜಿ ತಲೆಯ ಮೇಲೆ ಎರಡು ಬೆರಳಿಟ್ಟು ಕೋಡು ಮಾಡಿ ತೋರಿಸಿದರು. "ಕರು ಅಡ್ಡ ಬಂದಿತ್ತಲ್ಲ. ರಾತ್ರಿಯೆಲ್ಲ ಕೊಟ್ಟಿಗೆಯಲ್ಲಿ ಕೂತಿದ್ದಿರಲ್ಲ."

ನಾನು ಅದನ್ನು ಬರೆದದ್ದು ಹೋದ ವರ್ಷದ ಜುಲೈನಲ್ಲಿ. ಏರ್‌ಮೇಲ್‌ನಲ್ಲಿ.

ಕೂತೆ. ಒಂದು ಗಂಟೆ ಕೂತೆವು. ಅವರು ಹುಟ್ಟಿದ್ದು ಕಂಪಾಲಾದಲ್ಲಿ. 1972ರಲ್ಲಿ ಇದಿ ಅಮೀನ್ ತೊಂಬತ್ತು ದಿನದ ಗಡುವು ಕೊಟ್ಟು ಏಷ್ಯಾದವರನ್ನೆಲ್ಲ ಓಡಿಸಿದಾಗ ಒಂದು ಸೂಟ್‌ಕೇಸು ಹಿಡಿದು ಬಂದವರು, ಆಗ ಇಪ್ಪತ್ತು ವರ್ಷ. ತೌರಿನಿಂದ ಒಂದು ಕಾಗದವೂ ಅವರಿಗೆ ಬರಲಿಲ್ಲವಂತೆ, ಬರೆಯುವ ತೌರೇ ಅಲ್ಲಿ ಉಳಿದಿರಲಿಲ್ಲ. ಹಾಗಾಗಿ ಪ್ರತಿ ಸಲ ನನ್ನ ಕಾಗದ ಬಂದಾಗ ನೀನು ಅದನ್ನು ಸೆರಗಿನಲ್ಲಿ ಇಟ್ಟುಕೊಂಡು ಈ ಬೆಂಚಿಗೆ ತರುತ್ತಿದ್ದೆಯಂತೆ. ಮೊದಲು ಕನ್ನಡದಲ್ಲಿ ಪೂರ್ತಿ ಓದುವುದು, ಅವರು ಸುಮ್ನೆ ಕೇಳುವುದು, ಆಮೇಲೆ ನಿನ್ನ ಹಿಂದಿಯಲ್ಲಿ ಅರ್ಥ.

ಅಯ್ಯೋ, ನಾನು ಅದರಲ್ಲೆಲ್ಲ ಏನು ಬರೆದಿದ್ದೆ? ಅಡಿಕೆ ರೇಟು, ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರು ಬಂದದ್ದು, ಇಲಿ ಅಕ್ಕಿ ಚೀಲ ಕೊರೆದದ್ದು. ಅಜ್ಜಿಗೆ ಎಲ್ಲಾ ನೆನಪಿದೆ. ಇಲಿ ಸಿಕ್ಕಿತಾ ಅಂತಲೂ ಕೇಳಿದರು. ಸಾರಿಗೆ ಉಪ್ಪು ಎರಡು ಸಲ ಹಾಕಿ ಕೊಟ್ಟಿಗೆಗೆ ಚೆಲ್ಲಿದ್ದನ್ನು ಹೇಳಿ ಇಬ್ಬರೂ ನಕ್ಕಿದ್ದಿರಂತೆ, ಕಣ್ಣಲ್ಲಿ ನೀರು ಬರುವಷ್ಟು. ನಿನ್ನ ಮಂಡಿ ನೋವು ವಿಚಾರಿಸಿದರು. ಅವರು ಕೊಟ್ಟ ಎಣ್ಣೆ ಹಚ್ಚುತ್ತಿದ್ದೀಯಾ ಅಂತ ಕೇಳಿದರು. ಯಾವ ಎಣ್ಣೆ ಅದು? ನನಗೆ ಏನೂ ಗೊತ್ತಿಲ್ಲ, ಹಚ್ಚುತ್ತಿದ್ದಾಳೆ ಅಂದೆ.

ಈ ಕಾಗದ ಜೇಬಿನಲ್ಲೇ ಇತ್ತು. ನಾಳೆ ಡಬ್ಬಿಗೆ ಹಾಕುವುದು ಅಂತ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಪುಟ ತಿರುವಿ ನೋಡಿದರು, ಒಂದಕ್ಷರ ಬಾರದಿದ್ದರೂ. ಕೊನೆಯ ಹಾಳೆಯ ಕೆಳಗೆ ಜಾಗ ಬಿಟ್ಟಿದ್ದೆ, ಪೆನ್ನು ಕೇಳಿ ಗುಜರಾತಿಯಲ್ಲಿ ಅವರೇ ನಾಲ್ಕು ಸಾಲು ಬರೆದರು. ಏನಂತ ಎರಡು ಸಲ ಕೇಳಿದೆ, ಹೇಳಲಿಲ್ಲ. ಪೇಟೆಯ ಬಟ್ಟೆ ಅಂಗಡಿ ಸೇಠು ಇದ್ದಾನಲ್ಲ, ಅವನ ಹತ್ತಿರ ಓದಿಸು. ಓದಿಸಿ ಫೋನಿನಲ್ಲಿ ಹೇಳಬೇಡ, ಬರೆದು ಕಳಿಸು.

ಲಕೋಟೆ ಒಡೆಯುವಾಗ ಸ್ಟಾಂಪು ಹರಿಯದ ಹಾಗೆ ನೋಡಿಕೋ.

ಇತಿ ಆಶೀರ್ವಾದಗಳು.